96 ಪೆಟ್ಟುಗಳನ್ನು ಸ್ಯಾಂಪ್ಲರ್‌ಗೆ ಇಳಿಸಿದ ಪಾಡು

ಭರತನಾಟ್ಯ ಕಲಿಸುವ ನನ್ನ ಅತ್ತಿಗೆಗೆ, ಮಕ್ಕಳು ಮನೆಯಲ್ಲಿ ಅಡವುಗಳನ್ನು, ಅಂದರೆ ನೃತ್ಯದ ಮೂಲ ಹೆಜ್ಜೆಗಳನ್ನು, ಅಭ್ಯಾಸ ಮಾಡಲು ಮೂರು ಕಾಲಗಳಲ್ಲಿಯೂ (ವೇಗಗಳಲ್ಲಿಯೂ) ಮೃದಂಗದ ಹಿಮ್ಮೇಳವಿರುವ ಆಡಿಯೊ ಬೇಕಾಗಿತ್ತು. ಒಮ್ಮೆ ಧ್ವನಿಮುದ್ರಿಸಿದ ಮೃದಂಗವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ವೇಗ ಬದಲಿಸಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಆದ್ದರಿಂದ ಒಂದೊಂದು ಸೊಲ್ಲನ್ನೂ (ಪೆಟ್ಟನ್ನೂ) ಬಿಡಿಬಿಡಿಯಾಗಿ ಮುದ್ರಿಸಿ, ಸ್ಯಾಂಪ್ಲರ್ ತಂತ್ರಾಂಶಕ್ಕೆ ತುಂಬಿ, ಪಿಯಾನೊದಂಥ ಕೀಬೋರ್ಡಿನಿಂದ ನುಡಿಸಬಹುದಾದ ಮೃದಂಗವೊಂದನ್ನು ಕಟ್ಟೋಣವೆಂದು ನಾನೇ ಮುಂದಾದೆ. ಧ್ವನಿಮುದ್ರಣ ಒಂದು ಸಂಜೆಗೆ ಮುಗಿಯಿತು. ಅದನ್ನು ಸ್ಯಾಂಪ್ಲರ್ ಒಳಗೆ ಕೂರಿಸಲು ಮೂರು ವಾರ ಹಿಡಿಯಿತು.

ಐದು ಮನೆಯ ಶ್ರುತಿಗೆ ಕೂಡಿಸಿದ ಮೃದಂಗದಲ್ಲಿ ಸ್ನೇಹಿತರೊಬ್ಬರು ತ, ದಿ, ತೊಂ, ನಂ, ಧೀಂ, ಚಾಪು, ಮೀಟು, ಗುಮಕಿ ಎಂಬ ಎಂಟು ಪೆಟ್ಟುಗಳನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ, ಪ್ರತಿಯೊಂದನ್ನೂ ನಾಲ್ಕು ನಾಲ್ಕು ಸಲ ನುಡಿಸಿಕೊಟ್ಟರು. ಎಡಬದಿಗೆ ಮೆತ್ತಿದ ರವೆಯ ಕಣಕ ಒಣಗುತ್ತ ಬಂದಂತೆ ನಾದ ಬದಲಾಗುವುದರಿಂದ ತೊಂ ಮತ್ತು ಗುಮಕಿಗಳನ್ನು ಮೊದಲು ಮುಗಿಸಿಕೊಂಡೆವು. ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಈ ಪೆಟ್ಟುಗಳು ಕತ್ತರಿಸಿದ ಮೇಲೆ ಒಟ್ಟು 96 ಕಡತಗಳಾದವು.

ನಾನು ಬಳಸಿದ ಸ್ಯಾಂಪ್ಲರ್ ಹೆಸರುವಾಸಿಯಾದದ್ದೇ. ಅದರ ಧ್ವನಿಯ ಗುಣಮಟ್ಟದ ಬಗ್ಗೆ ನನಗೆ ಇಂದಿಗೂ ದೂರಿಲ್ಲ. ಆದರೆ ನಂ ಪೆಟ್ಟಿನ ಮೊದಲ ಕಡತವನ್ನು ಎಳೆದು ಅದರ ಕಿಟಕಿಯೊಳಗೆ ಹಾಕಿದೊಡನೆ, ನಾನು ಕೇಳದಿದ್ದರೂ ಅದು ಆ ಒಂದು ಪೆಟ್ಟನ್ನು ಕೀಬೋರ್ಡಿನ ಉದ್ದಕ್ಕೂ ಹರಡಿಬಿಟ್ಟಿತು. ಮೂಲ ಕೀಯಿಂದ ಏಳು ಕೀ ಮೇಲೆ ಒತ್ತಿದರೆ ಧ್ವನಿ ಸುಮಾರು ಒಂದೂವರೆ ಪಟ್ಟು ವೇಗದಲ್ಲಿ ಓಡಿ ಮೃದಂಗವು ಜಾತ್ರೆಯಲ್ಲಿ ಮಾರುವ ಆಟದ ಡೋಲಿನಂತೆ ಕೇಳಿಸುತ್ತಿತ್ತು. ಒಂದು ಸ್ಥಾಯಿ ಕೆಳಗೆ ಒತ್ತಿದರೆ ಅದೇ ಪೆಟ್ಟು ಎರಡು ಪಟ್ಟು ಉದ್ದವಾಗಿ ಖಾಲಿ ಡ್ರಮ್ಮಿಗೆ ಒದ್ದ ಹಾಗಿತ್ತು. ಪಿಯಾನೊ ಅಥವಾ ಕೊಳಲಿನ ಸ್ವರವಾದರೆ ಈ ವರ್ತನೆ ಸರಿಯೇ. ತಾಳವಾದ್ಯಕ್ಕೆ ಕೀ ಟ್ರ್ಯಾಕಿಂಗ್ ಎಂಬ ಈ ಸೌಲಭ್ಯವನ್ನು ಆರಿಸಬೇಕೆಂದು ನನಗೆ ಗೊತ್ತಿತ್ತು, ಆದರೆ ಅದರ ಗುಂಡಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಮಡಚಿಟ್ಟಿದ್ದ ಫಲಕವೊಂದರ ಮೂಲೆಯಲ್ಲಿ, ಕಡುಬೂದು ಹಿನ್ನೆಲೆಯ ಮೇಲೆ ತಿಳಿಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಅದು ಸಿಕ್ಕಿದ್ದು ಎರಡನೆಯ ದಿನ. ಕಿಟಕಿಯನ್ನು ದೊಡ್ಡದು ಮಾಡಿಕೊಳ್ಳೋಣವೆಂದರೆ ಅದಕ್ಕೆ ಅವಕಾಶವೇ ಇರಲಿಲ್ಲ.

ಎರಡನೆಯ ತೊಡಕು ಹೆಸರುಗಳದ್ದು. ಒಂದು ಕಡತವು ಕುಳಿತ ಜಾಗಕ್ಕೆ ಝೋನ್, ಹಲವು ಝೋನ್‌ಗಳಿಗೆ ಗ್ರೂಪ್, ಗ್ರೂಪ್‌ಗಳು ಸೇರಿದರೆ ಒಂದು ಕಡೆ ಇನ್‌ಸ್ಟ್ರುಮೆಂಟ್, ಇನ್ನೊಂದು ಕಡೆ ಪ್ರೋಗ್ರಾಂ, ಉಳಿಸುವಾಗ ಮಾತ್ರ ಪ್ಯಾಚ್. ಈ ಗೊಂದಲ ಇಂದಿನದಲ್ಲ. 1979ರ ಫೇರ್‌ಲೈಟ್, 1981ರ ಎಮ್ಯುಲೇಟರ್, 1986ರ ಅಕಾಯ್ ಎಸ್900 ಮುಂತಾದ ಹಳೆಯ ಸ್ಯಾಂಪ್ಲರ್ ಯಂತ್ರಗಳ ಕಾಲದಿಂದ ಒಬ್ಬೊಬ್ಬ ತಯಾರಕರೂ ತಮಗೆ ತೋಚಿದ ಪದಗಳನ್ನು ಬಳಸಿದರು. ಅಕಾಯ್ ಯಂತ್ರಗಳಲ್ಲಿ ಪ್ರೋಗ್ರಾಂ ಮತ್ತು ಕೀಗ್ರೂಪ್ ಎಂದಿದ್ದದ್ದು ಬೇರೆಡೆ ಬೇರೆ ಹೆಸರು ಪಡೆಯಿತು. ಪುಟ್ಟ ಪರದೆಯಲ್ಲಿ ಪುಟ ತಿರುವುತ್ತ ಕೆಲಸ ಮಾಡಬೇಕಿದ್ದ ಆ ಪೆಟ್ಟಿಗೆಗಳಿಗೆ ಮೆನುವಿನೊಳಗೊಂದು ಮೆನು ಅನಿವಾರ್ಯವಾಗಿತ್ತು. ಮೇಜಿನ ಅಗಲದ ಪರದೆಯಿರುವ ಕಂಪ್ಯೂಟರಿನಲ್ಲಿಯೂ ಅದೇ ಕ್ರಮವನ್ನು ಉಳಿಸಿಕೊಂಡು, ಮೇಲೊಂದು ತಿರುಗಿಸುವ ಗುಂಡಿಯ ಚಿತ್ರ ಬರೆದು, ಅದನ್ನು ಮೌಸಿನಿಂದ ಮೇಲೆ ಕೆಳಗೆ ಎಳೆದು ತಿರುಗಿಸಬೇಕೆಂದು ನಿರೀಕ್ಷಿಸುವುದು ಮಾತ್ರ ನನಗೆ ಅರ್ಥವಾಗಿಲ್ಲ.

ನನ್ನ ಕೆಲಸವನ್ನು ನಿಜವಾಗಿ ಹಾಳುಮಾಡಿದ್ದು ‘ಎಲ್ಲ ಗ್ರೂಪ್‌ಗಳನ್ನೂ ಒಟ್ಟಿಗೆ ತಿದ್ದು’ ಎಂಬರ್ಥದ ಪುಟ್ಟ ಸ್ವಿಚ್. ಅದು ಚಾಲೂ ಇದ್ದರೆ ಕಿತ್ತಳೆ ಬಣ್ಣ, ಇಲ್ಲದಿದ್ದರೆ ಬೂದು. ಮೊದಲ ವಾರದ ಕೊನೆಗೆ ಎಂಟೂ ಪೆಟ್ಟುಗಳ ಸದ್ದಿನ ಮಟ್ಟವನ್ನು ಒಂದಕ್ಕೊಂದು ಹೊಂದಿಸಿ ತೃಪ್ತನಾಗಿದ್ದೆ. ಬಳಿಕ ಚಾಪು ಪೆಟ್ಟಿನ ಬಾಲ ಬೇಗ ಇಳಿಯುವಂತೆ ಮಾಡಲು ಅದರ ಒಂದು ಅಂಕಿಯನ್ನು ಬದಲಿಸಿ, ಉಳಿಸಿ, ಮಲಗಿದೆ. ಬೆಳಿಗ್ಗೆ ನುಡಿಸಿದರೆ ಧೀಂ ಇಲ್ಲ, ತೊಂ ಇಲ್ಲ. ಎಲ್ಲ ಪೆಟ್ಟುಗಳೂ ಮರದ ಹಲಗೆ ತಟ್ಟಿದಂತೆ ಟಕ್ ಟಕ್ ಎನ್ನುತ್ತಿದ್ದವು. ಸ್ವಿಚ್ ಕಿತ್ತಳೆಯಾಗಿದ್ದುದನ್ನು ನಾನು ಗಮನಿಸಿರಲಿಲ್ಲ, ಚಾಪುವಿಗೆ ಕೊಟ್ಟ ಅಂಕಿ ಎಂಟಕ್ಕೂ ಅಂಟಿಕೊಂಡಿತ್ತು. ಒಮ್ಮೆ ಮುಚ್ಚಿ ತೆರೆದ ಮೇಲೆ ಹಿಂದಿನ ಹೆಜ್ಜೆಗೆ ಮರಳುವ ದಾರಿಯೂ ಇರಲಿಲ್ಲ.

ಕಡತಗಳ ಹೆಸರಿನಲ್ಲಿಯೇ ಸ್ವರಸ್ಥಾನ ಬರೆದರೆ ತಾನೇ ಸರಿಯಾದ ಕೀಯಲ್ಲಿ ಕೂರಿಸುತ್ತೇನೆಂದು ಸ್ಯಾಂಪ್ಲರ್ ಹೇಳಿತ್ತು. ಹಾಗೆ ಬರೆದರೆ ಎಲ್ಲವೂ ಒಂದು ಸ್ಥಾಯಿ ಆಚೆಗೆ ಹೋಗಿ ಕುಳಿತವು. ಕೀಬೋರ್ಡು ಕಂಪ್ಯೂಟರುಗಳು ಸಂಗೀತದ ಸೂಚನೆಗಳನ್ನು ಸಾಗಿಸಲು ಬಳಸುವ ಮಿಡಿ (MIDI) ವ್ಯವಸ್ಥೆಯಲ್ಲಿ 0ಯಿಂದ 127ರವರೆಗೆ ಕೀಗಳಿಗೆ ಸಂಖ್ಯೆಗಳಿವೆ, ನಡುವಿನ ಸಿ ಸ್ವರ 60. ಆದರೆ ಅದನ್ನು ಕೆಲವು ತಯಾರಕರು ಸಿ3 ಎಂದೂ ಕೆಲವರು ಸಿ4 ಎಂದೂ ಕರೆಯುತ್ತಾರೆ. ಅಂದಿನಿಂದ ನಾನು ಸ್ವರದ ಹೆಸರು ಬಿಟ್ಟು ಸಂಖ್ಯೆಯನ್ನಷ್ಟೇ ಬರೆಯುತ್ತೇನೆ.

ಇಷ್ಟಾದರೂ ಮುಖ್ಯವಾದ ಎರಡು ಕೆಲಸಗಳು ಬಾಕಿಯಿದ್ದವು. ತಟ್ಟಡವಿನ ಮೂರನೆಯ ಕಾಲದಲ್ಲಿ ಒಂದೇ ಕಡತ ಮತ್ತೆ ಮತ್ತೆ ನುಡಿದರೆ ಕೈಯ ಪೆಟ್ಟೆನಿಸದೆ ಹೊಲಿಗೆ ಯಂತ್ರದ ಸದ್ದೆನಿಸುತ್ತದೆ. ಅದಕ್ಕಾಗಿಯೇ ಮುದ್ರಿಸಿದ ನಾಲ್ಕು ಪ್ರತಿಗಳು ಸರದಿಯಂತೆ ಬರಬೇಕು. ಇನ್ನೊಂದು, ಮೃದಂಗದ ಎರಡು ಮುಖಗಳ ಲೆಕ್ಕ. ನಮ್ಮ ಪಾಠಕ್ರಮದಲ್ಲಿ ತ ಎಂಬುದು ಎಡಗೈಯ ಮುಚ್ಚಿದ ಪೆಟ್ಟು. ಅದು ಬಿದ್ದೊಡನೆ ಎಡಮುಖದಲ್ಲಿ ಮೊಳಗುತ್ತಿರುವ ತೊಂ ನಿಲ್ಲಬೇಕು, ಬಲಮುಖದ ಚಾಪು ಮಾತ್ರ ಮೊಳಗುತ್ತಲೇ ಇರಬೇಕು. ಹೀಗೆ ಎರಡು ಬಣಗಳನ್ನು ಮಾಡಿ, ಆಯಾ ಬಣದೊಳಗೆ ಮಾತ್ರ ಒಂದು ಪೆಟ್ಟು ಇನ್ನೊಂದನ್ನು ಅಡಗಿಸುವಂತೆ ಹೇಳಬೇಕಿತ್ತು. ಸರದಿಯ ವ್ಯವಸ್ಥೆ ಒಂದು ಮೆನುವಿನಲ್ಲಿ, ಅಡಗಿಸುವ ವ್ಯವಸ್ಥೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಮೆನುವಿನಲ್ಲಿ ಇದ್ದವು, ಮತ್ತು ಎರಡನ್ನೂ ಒಟ್ಟಿಗೆ ನೋಡಲು ಸಾಧ್ಯವಿರಲಿಲ್ಲ. ಯಾವ ಕಡತಕ್ಕೆ ಏನು ಹೇಳಿದ್ದೇನೆಂದು ನೆನಪಿಡಲು ಪಕ್ಕದಲ್ಲಿ ನೋಟ್‌ಬುಕ್ಕೊಂದನ್ನು ಇಟ್ಟುಕೊಂಡು ಗೆರೆ ಎಳೆದು ಕೋಷ್ಟಕ ಬರೆಯತೊಡಗಿದೆ. ಆ ಕೋಷ್ಟಕ ತುಂಬುತ್ತ ಬಂದಾಗಲೇ, ನನಗೆ ಬೇಕಾದ ಮೃದಂಗವೆಲ್ಲ ಈ ಹಾಳೆಯಲ್ಲಿಯೇ ಇದೆಯಲ್ಲ, ಸ್ಯಾಂಪ್ಲರ್ ಇದನ್ನೇ ಓದಬಾರದೇಕೆ ಎನ್ನಿಸಿತು.

ಓದುವ ಸ್ಯಾಂಪ್ಲರ್‌ಗಳಿವೆ. ಎಸ್‌ಎಫ್‌ಝಡ್ ಎಂಬ ವಿನ್ಯಾಸದಲ್ಲಿ ಇಡೀ ವಾದ್ಯವನ್ನು ಸಾದಾ ಪಠ್ಯ ಕಡತವಾಗಿ ನೋಟ್‌ಪ್ಯಾಡಿನಲ್ಲಿಯೇ ಬರೆಯಬಹುದು. ಅದನ್ನು ಉಚಿತವಾಗಿ ಸಿಗುವ ಸ್ಫೋರ್ಟ್ಸಾಂಡೊ ತಂತ್ರಾಂಶ ನುಡಿಸುತ್ತದೆ. ಒಂದು ಧ್ವನಿಕಡತಕ್ಕೆ ಒಂದು ಸಾಲು: ಕಡತದ ಹೆಸರು, ಕೀ ಸಂಖ್ಯೆ, ಎಷ್ಟು ಜೋರಾಗಿ ಒತ್ತಿದಾಗ ನುಡಿಯಬೇಕೆಂಬ ಮಿತಿ, ನಾಲ್ಕರ ಸರದಿಯಲ್ಲಿ ಎಷ್ಟನೆಯದು, ಯಾವ ಬಣ, ಯಾವ ಬಣ ಬಂದರೆ ಅಡಗಬೇಕು. ಒತ್ತಡದ ಮಿತಿಗಳನ್ನು ನಾನು 1ರಿಂದ 45, 46ರಿಂದ 90, 91ರಿಂದ 127 ಎಂದು ಮೂರು ಪಾಲು ಮಾಡಿದೆ. ಮಿಡಿಯಲ್ಲಿ 0 ಎಂದರೆ ಕೀ ಬಿಟ್ಟಂತೆ, ಹಾಗಾಗಿ ಎಣಿಕೆ 1ರಿಂದಲೇ ಶುರು. ನೋಟ್‌ಬುಕ್ಕಿನ ಕೋಷ್ಟಕವನ್ನು ಎಕ್ಸೆಲ್‌ಗೆ ಇಳಿಸಿ, ಕಾಲಂಗಳನ್ನು ಒಂದು ಸೂತ್ರದಿಂದ ಜೋಡಿಸಿದಾಗ 96 ಸಾಲುಗಳೂ ಒಂದೇ ಏಟಿಗೆ ಸಿದ್ಧವಾದವು. ಮೊದಲ ಸಲ ತೊಂ ಬಾರಿಸಿ ತ ಒತ್ತಿದಾಗ ತೊಂ ಬ್ಲೇಡಿನಿಂದ ಕೊಯ್ದಂತೆ ಫಕ್ಕನೆ ನಿಂತಿತು. ಅಡಗುವ ರೀತಿಯನ್ನು ‘ನಾರ್ಮಲ್’ ಎಂದು ಬದಲಿಸಿ, ಇಳಿಯುವ ಅವಧಿಯನ್ನು 0.05 ಸೆಕೆಂಡ್ ಎಂದು ಬರೆದ ಮೇಲೆ ಅಂಗೈ ಚರ್ಮವನ್ನು ಮುಟ್ಟಿ ನಿಲ್ಲಿಸಿದ ಹಾಗೆ ಕೇಳಿಸಿತು.

ಈ ದಾರಿಯಲ್ಲಿ ಕಣ್ಣಿಗೆ ಕಾಣುವ ಕೀಬೋರ್ಡ್ ಇಲ್ಲ, ಅಲೆಯ ಚಿತ್ರವಿಲ್ಲ, ಒಂದು ಅಕ್ಷರ ತಪ್ಪಾದರೆ ಆ ಪೆಟ್ಟು ಮೂಕವಾಗುತ್ತದೆ. ನನ್ನದೇ ಒಂದು ಕಡತದ ಹೆಸರಿನಲ್ಲಿ ಖಾಲಿ ಜಾಗವೊಂದು ಹೆಚ್ಚಾಗಿದ್ದುದನ್ನು ಹುಡುಕಲು ಅರ್ಧ ಗಂಟೆ ಬೇಕಾಯಿತು. ಆದರೂ ತಪ್ಪು ಎಲ್ಲಿದೆಯೋ ಅಲ್ಲಿಯೇ ಕಾಣುತ್ತಿತ್ತು.

ತಟ್ಟಡವಿನ ಮೂರೂ ಕಾಲಗಳನ್ನು ಸಿದ್ಧಪಡಿಸಿ ಅತ್ತಿಗೆಗೆ ಕಳುಹಿಸಿದೆ. ಎರಡು ದಿನದ ಮೇಲೆ ಫೋನ್ ಬಂತು: “ಚೆನ್ನಾಗಿದೆ ಕಣೋ, ಆದ್ರೆ ತೊಂ ಸ್ವಲ್ಪ ಜಾಸ್ತಿಯಾಯ್ತು, ಮಕ್ಕಳ ಕಾಲಿನ ಸದ್ದೇ ಕೇಳ್ಸಲ್ಲ.” ಫೋನ್ ಇಡುವ ಮೊದಲೇ ಪಠ್ಯ ಕಡತವನ್ನು ತೆರೆದು, ತೊಂ ಸಾಲುಗಳ ತಲೆಯ ಮೇಲೆ ಸದ್ದನ್ನು ಮೂರು ಡೆಸಿಬೆಲ್ ಇಳಿಸುವ ಒಂದು ಪದ ಸೇರಿಸಿದೆ. ಉಳಿದ ಏಳು ಪೆಟ್ಟುಗಳು ಎಲ್ಲಿದ್ದವೋ ಅಲ್ಲಿಯೇ ಇದ್ದವು.