ಎಲ್ಲರಿಗೂ ಕನ್ನಡ ಬರುವ ಊರಲ್ಲಿ ನಾನು ತುಳು ಕಲಿತದ್ದು

ನಾನು ದಾವಣಗೆರೆ ಕಡೆಯವಳು. ಕೆಲಸ ಬೆಳ್ತಂಗಡಿ ತಾಲೂಕಿನಲ್ಲಿ, ಫಿಸಿಯೋಥೆರಪಿಸ್ಟ್ ಆಗಿ. ಇಲ್ಲಿಗೆ ಬಂದು ತುಳು ಕಲಿಯಲು ಶುರು ಮಾಡಿದಾಗ ಮನೆಯವರು, ಗೆಳತಿಯರು ಎಲ್ಲರೂ ಕೇಳಿದ್ದು ಒಂದೇ ಮಾತು: "ಅಲ್ಲಿ ಎಲ್ಲರಿಗೂ ಕನ್ನಡ ಬರುತ್ತಲ್ಲ, ಮತ್ಯಾಕೆ ತುಳು?" ಇಲ್ಲಿನ ಜನರೂ ಅದನ್ನೇ ಕೇಳಿದರು, ಸ್ವಲ್ಪ ಖುಷಿಯಿಂದ. ಪ್ರಶ್ನೆ ಸರಿಯಾಗಿಯೇ ಇದೆ. ಬಸ್ಸು, ಬ್ಯಾಂಕು, ಅಂಗಡಿ ಎಲ್ಲ ಕಡೆ ಕನ್ನಡದಲ್ಲೇ ಕೆಲಸ ಆಗುತ್ತದೆ. ತುಳು ಇಲ್ಲದೆ ಇಲ್ಲಿ ಇಡೀ ಸರ್ವಿಸ್ ಮುಗಿಸಿ ಊರಿಗೆ ಹೋದವರು ಎಷ್ಟೋ ಜನ ಇದ್ದಾರೆ.

ಆದರೆ ನನ್ನ ಕೆಲಸ ಅರ್ಧ ಮಾತಿನದ್ದು. ಒಬ್ಬೊಬ್ಬ ರೋಗಿಯ ಜೊತೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಇರುತ್ತೇನೆ. ಅಷ್ಟು ಹೊತ್ತು ಜೊತೆಗಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಲ್ಲಿ ಮನೆಯಲ್ಲಿ ತುಳು ಆಡಿ ಬೆಳೆದವರಿಗೆ ಕನ್ನಡ ಬಂದಿರುವುದು ಶಾಲೆಯಿಂದ. ಹಾಗಾಗಿ ಅವರ ಕನ್ನಡ ಬಲು ಶುದ್ಧ. "ನನಗೆ ಸೊಂಟ ನೋವು ಇದೆ. ಎರಡು ತಿಂಗಳಿನಿಂದ ಇದೆ." ಅಷ್ಟು ಹೇಳಿ ಸುಮ್ಮನಾಗುತ್ತಾರೆ, ಅರ್ಜಿ ಬರೆದು ಸಹಿ ಹಾಕಿದ ಹಾಗೆ. ಆಮೇಲೆ ಜೊತೆಗೆ ಬಂದ ಮಗಳ ಕಡೆ ತಿರುಗಿ ತುಳುವಿನಲ್ಲಿ ಐದು ನಿಮಿಷ ಮಾತಾಡುತ್ತಾರೆ. ಏನಂದರು ಅಂತ ಮಗಳನ್ನು ಕೇಳಿದರೆ, "ಏನಿಲ್ಲ ಮೇಡಂ, ಅದೇ ನೋವಿನ ವಿಷಯ" ಅನ್ನುತ್ತಾಳೆ. ನನಗೆ ಬೇಕಾಗಿದ್ದು ಆ ಐದು ನಿಮಿಷವೇ. ಕನ್ನಡದಲ್ಲಿ ನನಗೆ ಸಿಗುತ್ತಿದ್ದದ್ದು ವರದಿ ಮಾತ್ರ. ಕಥೆ ತುಳುವಿನಲ್ಲಿತ್ತು.

ಕಲಿಯಲು ಕೋಚಿಂಗ್ ಕ್ಲಾಸ್ ಹುಡುಕಲಿಲ್ಲ. ನನ್ನ ಕೆಲಸಕ್ಕೆ ಯಾವ ಮಾತು ದಿನಾ ಬೇಕೋ ಅಲ್ಲಿಂದಲೇ ಹಿಡಿದೆ. ನಮ್ಮಲ್ಲಿ ದಿನವಿಡೀ ಹೇಳುವುದೆಂದರೆ ಬನ್ನಿ, ಕುಳಿತುಕೊಳ್ಳಿ, ಏಳಿ, ನಿಲ್ಲಿ, ಮಲಗಿ, ಕೈ ಎತ್ತಿ. ತುಳುವಿನಲ್ಲಿ ಇವೇ ಬಲೆ, ಕುಲ್ಲುಲೆ, ಲಕ್ಕ್‌ಲೆ, ಉಂತುಲೆ, ಜೆಪ್ಪುಲೆ, ಕೈ ದೆರ್ಪುಲೆ. ಎಲ್ಲದರ ಕೊನೆಗೂ ಮರ್ಯಾದೆಯ 'ಲೆ'. ಈ ಒಂದು ತುಂಡು ಬಾಯಿಗೆ ಬಂದರೆ ಹಿರಿಯರ ಜೊತೆ ಮಾತಾಡುವ ಹೆದರಿಕೆ ಅರ್ಧ ಹೋಗುತ್ತದೆ.

ಇನ್ನೊಂದು ಎಣಿಕೆ. ಪ್ರತಿ ವ್ಯಾಯಾಮಕ್ಕೂ ಹತ್ತರ ತನಕ ಎಣಿಸಬೇಕಲ್ಲ. ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್, ಎಣ್ಮ, ಒರ್ಂಬ, ಪತ್ತ್. ಬೆಳಿಗ್ಗೆಯಿಂದ ಸಂಜೆವರೆಗೆ ಇದನ್ನೇ ಹೇಳಿದರೆ ಯಾವ ಪುಸ್ತಕವೂ ಬೇಡ, ನಾಲಿಗೆ ತಾನಾಗಿ ತಿರುಗುತ್ತದೆ. ನಾನು ಎಣಿಸುತ್ತಿದ್ದರೆ ರೋಗಿಗಳೂ ದನಿ ಸೇರಿಸುತ್ತಿದ್ದರು. ಒಬ್ಬರು ಅಜ್ಜಿ ಮಾತ್ರ ಎಣಿಸುವುದು ಬೇಜಾರು ಅಂತ ಹೇಳಿ, ಭುಜ ಎತ್ತಿ ಇಳಿಸುವ ಪ್ರತಿ ಸಲಕ್ಕೂ ನಾಟಿ ಗದ್ದೆಯ ಓಬೇಲೆ ಹಾಡು ಹೇಳಿಕೊಂಡರು. ಆ ಹಾಡಿನ ತಾಳಕ್ಕೆ ಭುಜ ಎಷ್ಟು ಸಲೀಸಾಗಿ ಏಳುತ್ತಿತ್ತು ಅಂದರೆ, ಅವತ್ತಿನಿಂದ ಅವರಿಗೆ ನಾನು ಎಣಿಸಲೇ ಇಲ್ಲ.

ಬರೆದುಕೊಂಡದ್ದು ಕನ್ನಡ ಅಕ್ಷರದಲ್ಲೇ. ತುಳುವಿಗೆ ತನ್ನದೇ ಹಳೆಯ ಲಿಪಿ ಇದೆ, 2024ರಲ್ಲಿ ಅದು ತುಳು-ತಿಗಳಾರಿ ಹೆಸರಿನಲ್ಲಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೂ ಸೇರಿತು. ಆದರೆ ಇವತ್ತು ಇಲ್ಲಿನ ಜನ ತುಳು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಅದು ನನಗೆ ಅನುಕೂಲವಾಯಿತು, ಆದರೆ ಒಂದು ಕಡೆ ಆ ಲಿಪಿ ಸಾಲದು. ತುಳುವಿನಲ್ಲಿ ಎರಡು ಥರದ 'ಎ' ಇದೆ. ಒಂದು ನಮ್ಮದೇ. ಇನ್ನೊಂದನ್ನು ಬಾಯಿ ಅಗಲಿಸಿ ಹೇಳಬೇಕು, ಬ್ಯಾಟ್ ಅನ್ನುವಾಗಿನ ಸ್ವರದ ಹತ್ತಿರ. 'ಯಾನ್ ಬತ್ತೆ' ಅಂದರೆ ನಾನು ಬಂದೆ, 'ಆಯೆ ಬತ್ತೆ' ಅಂದರೆ ಅವನು ಬಂದ. ಬರೆದರೆ ಎರಡೂ 'ಬತ್ತೆ'ಯೇ. ಕಿವಿಗೆ ಬೇರೆ ಬೇರೆ. ಮಾತಿನ ನಡುವೆ ಯಾನ್, ಆಯೆ ಎರಡನ್ನೂ ಬಿಟ್ಟು ಬರೀ ಕ್ರಿಯಾಪದ ಹೇಳುವುದು ಜಾಸ್ತಿ. ಹಾಗಾಗಿ ಬಿದ್ದದ್ದು ಎದುರು ಕೂತವರೋ ಅವರ ಮಗನೋ ಅನ್ನುವುದು ಆ ಕೊನೆಯ ಸ್ವರದಿಂದಲೇ ತಿಳಿಯಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಅಗಲ 'ಎ' ಬಂದ ಕಡೆಯೆಲ್ಲ ಕೆಳಗೆ ಗೆರೆ ಎಳೆದಿದ್ದೇನೆ. ತುಳು ಕಲಿಯುವವರಿಗೆ ನಾನು ಹೇಳುವ ಮೊದಲ ಮಾತು ಇದು: ಓದಿ ಕಲಿಯಬೇಡಿ, ಮೊದಲು ಕೇಳಿ.

ತಿದ್ದಲು ನಮ್ಮ ಆಸ್ಪತ್ರೆಯ ಆಯಾ ಅಕ್ಕ ಇದ್ದರು. ಅವರು ವ್ಯಾಕರಣ ಹೇಳುತ್ತಿರಲಿಲ್ಲ. ನಾನು ಹೇಳಿದ್ದನ್ನೇ ಸರಿಯಾಗಿ ಇನ್ನೊಮ್ಮೆ ಹೇಳಿ ಕೆಲಸಕ್ಕೆ ಹೋಗುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಅನುಮಾನ ಉಳಿದರೆ ನಿಘಂಟು ಇದೆ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕಿಂತ ಎಷ್ಟೋ ದೊಡ್ಡದು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು, ಯು.ಪಿ. ಉಪಾಧ್ಯಾಯರ ಸಂಪಾದನೆಯದು. ಅದರಲ್ಲಿ ಒಂದೇ ಪದ ಬೇರೆ ಬೇರೆ ಜಾತಿ, ಬೇರೆ ಬೇರೆ ಊರಿನವರ ಬಾಯಲ್ಲಿ ಹೇಗಿದೆ ಅನ್ನುವುದೂ ಸಿಗುತ್ತದೆ. ಇದು ನನಗೆ ಬೇಕೇ ಬೇಕಿತ್ತು. ಒಬ್ಬರು 'ಇಜ್ಜಿ' ಅಂದರೆ ಶಿವಳ್ಳಿ ಬ್ರಾಹ್ಮಣರ ಮನೆಯವರು 'ಇದ್ದಿ' ಅನ್ನುತ್ತಾರೆ. ಎರಡಕ್ಕೂ ಅರ್ಥ 'ಇಲ್ಲ'. ಕನ್ನಡದ ಕಿವಿಗೆ 'ಇದ್ದಿ' ಪೂರ್ತಿ ಉಲ್ಟಾ ಕೇಳಿಸುತ್ತದೆ. ನೋವು ಇದೆಯಾ ಅಂತ ಕೇಳುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಏನು ಸಿಕ್ಕಿತು?

ಇಲ್ಲಿ ಬೀಡಿ ಕಟ್ಟುವ ಹೆಂಗಸರು ತುಂಬಾ ಇದ್ದಾರೆ. ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟು, ತಲೆ ಬಗ್ಗಿಸಿ, ನೆಲದ ಮೇಲೆ ಗಂಟೆಗಟ್ಟಲೆ ಕೂರುವ ಕೆಲಸ. ಕುತ್ತಿಗೆ, ಬೆನ್ನು, ಬೆರಳು ಎಲ್ಲ ಹಿಡಿದುಕೊಂಡು ಬರುತ್ತಾರೆ. ಕನ್ನಡದಲ್ಲಿ ಕೇಳಿದಾಗ ಒಬ್ಬರು ಅಕ್ಕ ಹೇಳಿದ್ದು "ಬೆನ್ನು ನೋವು, ವ್ಯಾಯಾಮ ಮಾಡುತ್ತಿದ್ದೇನೆ, ಕಡಿಮೆ ಆಗಿಲ್ಲ". ಅದೇ ಅಕ್ಕನನ್ನು ತುಳುವಿನಲ್ಲಿ ಕೇಳಿದಾಗ ಮಾತು ಎಲ್ಲಿಂದಲೋ ಶುರುವಾಯಿತು. ಬೀಡಿ ಕೊಡುವ ದಿನ ಹತ್ತಿರ ಬಂದಾಗ ರಾತ್ರಿ ಊಟ ಆದಮೇಲೂ ಕೂರುವುದು, ಎಲೆ ಚೆನ್ನಾಗಿಲ್ಲದ ವಾರ ಲೆಕ್ಕ ಸರಿಮಾಡಲು ಇನ್ನೂ ಹೆಚ್ಚು ಕೂರುವುದು, ಮಗಳ ಫೀಸಿನ ತಿಂಗಳು, ಮೇಲೆ ಕೂತರೆ ಕೈ ಓಡುವುದಿಲ್ಲ ಅನ್ನುವುದು. ನಾನು ಕೊಟ್ಟ ವ್ಯಾಯಾಮ ಬೆಳಿಗ್ಗೆ ಅರ್ಧ ಗಂಟೆಯದು. ಅವರ ಬೆನ್ನು ಕೆಡುತ್ತಿದ್ದದ್ದು ರಾತ್ರಿ. ಆ ಮಾತು ಕೇಳಿದ ಮೇಲೆ ವ್ಯಾಯಾಮವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ಕಟ್ಟು ಬೀಡಿ ಮುಗಿದಾಗ ಎದ್ದು ಮಾಡುವ ಹಾಗೆ ಹೊಂದಿಸಿದೆವು. ಗೋಡೆಗೆ ಒರಗಿ ಕೂತು ತಡ್ಪೆಯ ಕೆಳಗೆ ದಿಂಬು ಇಡಲು ಹೇಳಿದೆ. ಅದನ್ನು ಅವರು ಬಿಡದೆ ಮಾಡಿದರು, ಯಾಕೆಂದರೆ ಅದು ಅವರ ದಿನಕ್ಕೆ ಹೊಂದುತ್ತಿತ್ತು. ಇದು ದೊಡ್ಡ ಚಿಕಿತ್ಸೆಯೇನೂ ಅಲ್ಲ. ಅವರ ದಿನ ಹೇಗಿದೆ ಅಂತ ಗೊತ್ತಾದ್ದರಿಂದ ಆದದ್ದು.

ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. ಸ್ಟ್ರೋಕ್ ಆದ ಒಬ್ಬರು ಅಜ್ಜ ಬಂದಿದ್ದರು. ಬಲಗೈ, ಬಲಗಾಲಿಗೆ ಬಲವಿಲ್ಲ, ಮಾತೂ ಹೋಗಿತ್ತು. ಮನೆಯವರು ಆಸ್ಪತ್ರೆ ಅಂತ ಅವರ ಜೊತೆಗೂ ಕನ್ನಡದಲ್ಲೇ ಮಾತಾಡುತ್ತಿದ್ದರು, ನಮಗೆಲ್ಲ ಅರ್ಥವಾಗಲಿ ಅಂತ. "ಎಡಗೈ ಎತ್ತಿ" ಅಂದರೆ ಅಜ್ಜ ಸುಮ್ನೆ ನೋಡುತ್ತಿದ್ದರು. ಹೇಳಿದ್ದು ಅರ್ಥವಾಗುತ್ತಿಲ್ಲ ಅಂತ ಫೈಲಿನಲ್ಲಿ ಬರೆದಾಗಿತ್ತು. ನಾನು ಪಕ್ಕದಲ್ಲಿ ಕೂತು, "ಕೈ ದೆರ್ಪುಲೆ ಅಜ್ಜ" ಅಂದೆ. ಎಡಗೈ ಎದ್ದಿತು. ಕೈಸನ್ನೆಯಿಂದ ತಿಳಿದಿರಬಹುದೇ ಅಂತ ಕೈ ಕಟ್ಟಿಕೊಂಡು ಮತ್ತೆ ಹೇಳಿದೆ. ಮತ್ತೆ ಎದ್ದಿತು.

ಎರಡು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದಾಗ ಎರಡೂ ಒಂದೇ ಸಮ ಉಳಿಯಬೇಕು, ಒಂದೇ ಸಮ ಮರಳಬೇಕು ಅಂತಿಲ್ಲ. ಇದು ವೈದ್ಯರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ, ಮೊದಲು ಕಲಿತ ಭಾಷೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ ಅಂದಿದ್ದರು. ಅದೇ ದೇಶದ ವೈದ್ಯ ಪಿತ್ರ್ 1895ರಲ್ಲಿ, ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದು ಬರೆದರು. ಎರಡು ಮಾತಿಗೂ ಹೊರತಾದ ರೋಗಿಗಳು ಇದ್ದಾರೆ, ಎಷ್ಟೋ ಜನರಲ್ಲಿ ಎರಡು ಭಾಷೆಯೂ ಜೊತೆಜೊತೆಗೇ ಮರಳುತ್ತದೆ. ಆದರೆ ನಮ್ಮ ಅಜ್ಜನಿಗೆ ಮೊದಲು ಕಲಿತದ್ದೂ ತುಳು, ಜಾಸ್ತಿ ಆಡಿದ್ದೂ ತುಳು. ಸ್ಪೀಚ್ ಥೆರಪಿಸ್ಟ್‌ಗೆ ವಿಷಯ ತಿಳಿಸಿದೆವು. ಮನೆಯವರಿಗೆ, "ಇಲ್ಲಿಯೂ ತುಳುವಿನಲ್ಲೇ ಮಾತಾಡಿ, ನಮ್ಮ ಚಿಂತೆ ಬೇಡ" ಅಂದೆವು. ಅಂದಿನಿಂದ ನನ್ನ ಪ್ರತಿ ರೋಗಿಯ ಹಾಳೆಯಲ್ಲೂ ಹೆಸರು, ವಯಸ್ಸಿನ ಕೆಳಗೆ ಮನೆಮಾತು ಯಾವುದು ಅಂತ ಬರೆಯುತ್ತೇನೆ. ನಮ್ಮ ಫಾರಂಗಳಲ್ಲಿ ಅದಕ್ಕೆ ಜಾಗವೇ ಇಲ್ಲ, ಮೇಲಿನ ಅಂಚಿನಲ್ಲಿ ಬರೆಯಬೇಕು. ಜಾಗ ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು 18,46,427. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ತುಳು ಇಲ್ಲ. ಸಿಗಬೇಕಾದ ಮಾನ ಸಿಗಲಿ ಅಂತ ನನಗೂ ಆಸೆ ಇದೆ. ಆದರೆ ಭಾಷೆ ಕಲಿಯಲು ಆ ಸಂಖ್ಯೆ ನೋಡಬೇಕಾಗಿಲ್ಲ. ಎದುರು ಕೂತ ಒಬ್ಬರ ಭಾಷೆ ಆಗಿದ್ದರೆ ಸಾಕಾಗುತ್ತದೆ.

ಕೆಲಸದ ಆಚೆಗೆ ಸಿಕ್ಕಿದ್ದನ್ನೂ ಹೇಳಬೇಕು. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಇಲ್ಲಿನ ವಿವೇಕ ರೈ, ಚಿನ್ನಪ್ಪ ಗೌಡ ಅವರಿದ್ದ ತಂಡದ ಮುಂದೆ ಸಿರಿ ಎಂಬ ಹೆಣ್ಣಿನ ಕಥೆಯನ್ನು ತುಳುವಿನಲ್ಲಿ ಹಾಡಿದರು. ಅಚ್ಚಾದಾಗ ಅದು 15,683 ಸಾಲು. ಇಷ್ಟು ದೊಡ್ಡ ಕಥೆ ಒಬ್ಬರ ನೆನಪಿನಲ್ಲಿ, ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ಊರಿನ ಪಕ್ಕದಲ್ಲೇ ಇತ್ತು. ತುಳು ಸ್ವಲ್ಪ ಕಿವಿಗೆ ಹತ್ತಿದ ಮೇಲೆ ನನ್ನ ರೋಗಿಗಳೇ ಸಿರಿಯ ಕಥೆಯ ತುಂಡುಗಳನ್ನು ಹೇಳತೊಡಗಿದರು. ಗಂಡನ ತಪ್ಪನ್ನು ಸಭೆಯಲ್ಲಿ ಎತ್ತಿ ಆಡಿ, ಮದುವೆ ಮುರಿದುಕೊಂಡು ಹೊರಟ ಹೆಣ್ಣು ಸಿರಿ. ಅವಳ ಮಾತನ್ನು ಮುದುಕಿಯರ ಬಾಯಿಂದ ತುಳುವಿನಲ್ಲಿ ಕೇಳುವುದೇ ಬೇರೆ.

ಈಗ ಇಲ್ಲಿನ ಮುಸ್ಲಿಮರ ಮನೆಮಾತಾದ ಬ್ಯಾರಿ ಕಲಿಯಲು ಶುರು ಮಾಡಿದ್ದೇನೆ. ಈ ತಾಲೂಕಿನಲ್ಲಿ ಬ್ಯಾರಿ ಮನೆಮಾತಿನವರೂ ಬಹಳ ಜನ, ಅವರೂ ನನ್ನ ಜೊತೆ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಈ ಸಲವೂ ಬನ್ನಿ, ಕೂರಿ, ಏಳಿ, ಹತ್ತರ ತನಕದ ಎಣಿಕೆ, ಎಲ್ಲಿ ನೋವು ಅನ್ನುವುದರಿಂದಲೇ ಹಿಡಿದಿದ್ದೇನೆ. ನಮ್ಮಲ್ಲಿಗೆ ಹೊಸದಾಗಿ ಬಂದಿರುವ ಘಟ್ಟದ ಮೇಲಿನ ಹುಡುಗಿಗೆ ನನ್ನ ತುಳು ನೋಟ್‌ಬುಕ್ ಕೊಟ್ಟಿದ್ದೇನೆ. ಅವಳು ಅಗಲ 'ಎ'ಗೆ ಗೆರೆಯ ಬದಲು ಕೆಂಪು ಶಾಯಿ ಹಾಕುತ್ತಿದ್ದಾಳೆ. ಅದು ನನ್ನ ಗೆರೆಗಿಂತ ಬೇಗ ಕಣ್ಣಿಗೆ ಬೀಳುತ್ತದೆ, ಬ್ಯಾರಿ ನೋಟ್‌ಬುಕ್ಕಿಗೆ ನಾನೂ ಎರಡು ಬಣ್ಣದ ಪೆನ್ನು ಇಟ್ಟುಕೊಂಡಿದ್ದೇನೆ.