ಉಪ್ಪು ನೀರಿಗೂ ನನ್ನ ಬದನೆ ಉಳಿದದ್ದು

ಏಪ್ರಿಲ್ ಬಂತೆಂದರೆ ನಮ್ಮ ಬಾವಿ ನೀರಿನ ರುಚಿ ಬದಲಾಗುತ್ತದೆ. ನಾವಿರುವುದು ಗೋವಾದ ಕುಠ್ಠಾಳಿಯಲ್ಲಿ, ಜುವಾರಿ ನದಿಗೆ ಹತ್ತಿರ. ಸಮುದ್ರದ ಉಬ್ಬರ ಈ ನದಿಯೊಳಗೆ ಬಹಳ ದೂರ ಹೋಗುತ್ತದೆ. ಮಳೆಗಾಲದ ಸಿಹಿನೀರು ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಅದು ಮತ್ತೆ ಬರುತ್ತದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ನಮ್ಮ ಬಾವಿಯಲ್ಲಿ ಜನವರಿಯಲ್ಲಿ 300ರ ಆಸುಪಾಸು, ಮೇ ಮಧ್ಯದಲ್ಲಿ 1800. ನಮಗೆ ಕುಡಿಯೋಕೆ ನಳದ ನೀರಿದೆ. ಗಿಡಗಳಿಗೆ ಬಾವಿಯದ್ದೇ ಗತಿ.

ನನ್ನ ತವರು ಗದಗ ಜಿಲ್ಲೆ. ಮದುವೆಯಾಗಿ ಇಲ್ಲಿಗೆ ಬಂದು 12 ವರ್ಷ ಆಯಿತು. ಹಿತ್ತಲಲ್ಲಿ ಬದನೆ, ಮೆಣಸಿನಕಾಯಿ, ಅಲಸಂದೆ ಹಾಕುವುದನ್ನು ಬಿಟ್ಟಿಲ್ಲ. ಆದರೆ ಪ್ರತಿ ಮೇ ತಿಂಗಳು ಬದನೆ ಗಿಡ ನೋಡೋಕೆ ಸಂಕಟ ಆಗುತ್ತಿತ್ತು. ಮೊದಲು ಕೆಳಗಿನ ಎಲೆಯ ಅಂಚು ಕಂದಾಗುತ್ತದೆ, ಬೆಂಕಿ ಸೋಕಿದ ಕಾಗದದ ಹಾಗೆ. ನಾಲ್ಕೈದು ದಿನದಲ್ಲಿ ಆ ಕಂದು ಒಳಗೆ ಸರಿಯುತ್ತದೆ. ನಡುನರದ ಹತ್ತಿರ ಮಾತ್ರ ಹಸಿರು ಉಳಿಯುತ್ತದೆ. ಬೆಳಿಗ್ಗೆ ಬುಡಕ್ಕೆ ನೀರು ಹಾಕಿದ್ದರೂ ಹನ್ನೊಂದು ಗಂಟೆಗೆ ಗಿಡ ಬಾಡಿ ನಿಂತಿರುತ್ತದೆ. ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಅದರ ಜೊತೆಗೆ ಸೋಡಿಯಂ ಒಳಗೆ ನುಗ್ಗಿ, ಗಿಡಕ್ಕೆ ಬೇಕಾದ ಪೊಟ್ಯಾಶಿಯಂ ಜಾಗವನ್ನು ಹಿಡಿಯುತ್ತದೆ. ಎರಡೂ ಕಡೆಯಿಂದ ಹೊಡೆತ.

ಮೈಕೊರೈಜಾ ಅನ್ನುವ ಹೆಸರು ನನಗೆ ಗೊತ್ತಾದದ್ದು ಅಣ್ಣನಿಂದ. ಊರಲ್ಲಿ ಅವನು ಮೆಣಸಿನ ಸಸಿಗೆ ಹಾಕುತ್ತಿದ್ದ. ನಮ್ಮ ಕಡೆ ವ್ಯಾಮ್ ಗೊಬ್ಬರ ಅಂತಾರೆ. ಅದು ನಿಜವಾಗಿ ಗೊಬ್ಬರ ಅಲ್ಲ, ಬೇರಿನ ಒಳಗೆ ಸೇರಿಕೊಂಡು ಬದುಕುವ ಶಿಲೀಂಧ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇದರ ಎಳೆಗಳು ಬೇರಿನ ಕೂದಲಿಗಿಂತಲೂ ಸಣ್ಣ. ಬೇರು ನುಗ್ಗಲಾರದ ಸಂದಿಗೂ ಹೋಗಿ ನೀರು, ರಂಜಕ ತಂದುಕೊಡುತ್ತವೆ. ಬದಲಿಗೆ ಗಿಡ ತಾನು ಮಾಡಿಕೊಂಡ ಸಕ್ಕರೆ, ಕೊಬ್ಬು ಕೊಡುತ್ತದೆ. ನೂರು ಪಾಲು ಸಕ್ಕರೆ ಮಾಡಿದರೆ ಕೆಲವೊಮ್ಮೆ 20 ಪಾಲಿನವರೆಗೂ ಈ ಜೊತೆಗಾರನಿಗೆ ಹೋಗುತ್ತದಂತೆ. ಗಿಡ ಅಷ್ಟು ಕೊಡಬೇಕಾದರೆ ಅದಕ್ಕೂ ಲಾಭ ಇರಬೇಕಲ್ವಾ? ಉಪ್ಪಿನ ಮಣ್ಣಲ್ಲಿ ಆ ಲಾಭ ಇನ್ನೂ ದೊಡ್ಡದು. ಈ ಶಿಲೀಂಧ್ರ ಇರುವ ಗಿಡದ ಎಲೆಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಶಿಯಂ ಜಾಸ್ತಿ ಇರುವುದನ್ನು ಎಷ್ಟೋ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಇಷ್ಟು ಕೇಳಿ ಅಂಗಡಿಯಿಂದ ಒಂದು ಪ್ಯಾಕೆಟ್ ತಂದೆ. ಹಿತ್ತಲಿಗೆಲ್ಲ ಹಾಕಿದೆ. ಏನೂ ಆಗಲಿಲ್ಲ. ಆಗ ಮಾಲು ಸರಿ ಇಲ್ಲ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ತಪ್ಪು ನನ್ನದೇ. ಒಂದು, ಅರ್ಧ ಪ್ಯಾಕೆಟ್ ಪಾಲಕ್ ಮತ್ತು ಮೂಲಂಗಿಗೆ ಹಾಕಿದ್ದೆ. ಸಾಸಿವೆ, ಕೋಸು, ಮೂಲಂಗಿ ಒಂದು ಕುಟುಂಬ, ಪಾಲಕ್, ಬೀಟ್‌ರೂಟ್ ಇನ್ನೊಂದು. ಇವು ಸಾಮಾನ್ಯವಾಗಿ ಈ ಶಿಲೀಂಧ್ರವನ್ನು ಸೇರಿಸಿಕೊಳ್ಳುವುದೇ ಇಲ್ಲ. ಎರಡು, ಬದನೆಗೆ ಅದೇ ವಾರ ರಂಜಕ ತುಂಬಿದ ಡಿಎಪಿ ಗೊಬ್ಬರ ಹಾಕಿದ್ದೆ. ರಂಜಕ ಕೈಗೆ ಸಿಗುವ ಹಾಗಿದ್ದರೆ ಗಿಡ ಈ ಜೊತೆಗಾರನಿಗೆ ಬಾಗಿಲು ತೆರೆಯುವುದಿಲ್ಲ. ಮೂರು, ಪುಡಿಯನ್ನು ಸುಮ್ನೆ ಮೇಲೆ ಉದುರಿಸಿದ್ದೆ. ಅದು ಬೇರಿಗೆ ತಾಗಬೇಕು.

ನನಗೆ ದಾರಿ ತೋರಿಸಿದ್ದು ಖಜಾನ್ ಗದ್ದೆಯ ಬದುವಿನ ಹುಲ್ಲು. ನದಿಯ ಉಪ್ಪು ನೀರಿಗೆ ಕಟ್ಟೆ ಕಟ್ಟಿ, ಮಾನಸ್ ಅನ್ನುವ ತೂಬಿನ ಬಾಗಿಲಿಂದ ನೀರನ್ನು ಹಿಡಿತದಲ್ಲಿಟ್ಟು ಗದ್ದೆ ಮಾಡುವ ಪದ್ಧತಿ ಇಲ್ಲಿ ಶತಮಾನಗಳಿಂದ ಇದೆ. ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುವುದು ಇಂಥ ಗದ್ದೆಗಳಲ್ಲೇ. ಮೇ ತಿಂಗಳಲ್ಲಿ ಗದ್ದೆಯ ನೆಲದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿರುತ್ತದೆ. ಆಗಲೂ ಬದುವಿನ ಮೇಲೆ ಒಂದಿಷ್ಟು ಹುಲ್ಲು ಹಸಿರಾಗಿರುತ್ತದೆ. ಇದರ ಬೇರಲ್ಲಿ ಇರುವ ಜೊತೆಗಾರ ಈ ಉಪ್ಪಿಗೆ ಪಳಗಿದವನೇ ಇರಬೇಕು ಅನ್ನಿಸಿತು. ಪ್ಯಾಕೆಟ್ಟಿನಲ್ಲಿ ಬಂದವನಿಗೆ ಈ ನೆಲ ಹೊಸದು, ಇವನಿಗೆ ಮನೆ.

ಕಡಲ ದಂಡೆಯ ಅಡುಂಬ ಬಳ್ಳಿಯ ಬುಡದಿಂದ ಮಣ್ಣು ತರಬಹುದಲ್ಲ ಅಂತ ಒಬ್ಬರು ಹೇಳಿದರು. ಗೋವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಇಲ್ಲಿನ ಮರಳು ದಿಬ್ಬದ ಗಿಡಗಳಲ್ಲಿ ಈ ಶಿಲೀಂಧ್ರ ಇರುವುದನ್ನು ಕಂಡಿದ್ದಾರೆ, ನಿಜ. ಆದರೆ ದಿಬ್ಬದ ಮರಳನ್ನು ಹಿಡಿದು ನಿಲ್ಲಿಸಿರುವುದೇ ಆ ಬಳ್ಳಿ. ಅದರ ಬುಡ ಕೆದಕುವುದು ನನಗೆ ಒಪ್ಪಿಗೆಯಾಗಲಿಲ್ಲ, ನೀವೂ ದಯವಿಟ್ಟು ಮಾಡಬೇಡಿ.

ನವೆಂಬರಿನಲ್ಲಿ ಗದ್ದೆಯ ಯಜಮಾನರನ್ನು ಕೇಳಿದೆ. 'ಹುಲ್ಲಿನ ಬೇರು ಯಾಕಮ್ಮಾ, ಔಷಧಿಗಾ?' ಅಂತ ಕೊಂಕಣಿಯಲ್ಲಿ ವಿಚಾರಿಸಿ ಒಪ್ಪಿದರು. ಕಟ್ಟೆಗೆ ಪೆಟ್ಟಾಗದ ಕಡೆ, ನಾಲ್ಕೈದು ಜಾಗದಲ್ಲಿ, ಒಂದು ಗೇಣು ಆಳದವರೆಗೆ ಹುಲ್ಲನ್ನು ಬೇರು ಸಮೇತ ತೆಗೆದೆ. ಒಟ್ಟು ಎರಡು ಕೆಜಿ ಮಣ್ಣು ಆಗಿರಬಹುದು.

ಇದನ್ನು ಹೆಚ್ಚಿಸಬೇಕು. ಈ ಶಿಲೀಂಧ್ರ ಹೆಪ್ಪು ಹಾಕಿದ ಮೊಸರಿನ ಹಾಗೆ ಪಾತ್ರೆಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಬೇರೇ ಬೇಕು. ಅಣ್ಣ ಕಳಿಸಿದ ಬಿಳಿಜೋಳ ಮನೆಯಲ್ಲಿತ್ತು. ಜೋಳದ ಬೇರು ಸಣ್ಣ, ಬೇಗ ಹರಡುತ್ತದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೆಕ್ಕೆಜೋಳ, ರಾಗಿಯೂ ಆಗುತ್ತದೆ. ಹೊಳೆ ಮರಳು ಒಂದು ಪಾಲು, ನಮ್ಮ ಕೆಂಪು ಮಣ್ಣು ಒಂದು ಪಾಲು ಬೆರೆಸಿದೆ. ಇಲ್ಲಿನ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ, ಅಲ್ಯುಮಿನಿಯಂ ಸೇರಿ ರಂಜಕವನ್ನು ಕಟ್ಟಿಹಾಕುತ್ತವೆ. ಬೇರೆ ಬೆಳೆಗೆ ಅದು ತೊಂದರೆ, ಇದಕ್ಕೆ ಅನುಕೂಲ. ಮಿಶ್ರಣವನ್ನು ಹಳೆಯ ಇಡ್ಲಿ ಪಾತ್ರೆಯಲ್ಲಿ ಹಾಕಿ ಒಂದು ತಾಸು ಹಬೆಯಲ್ಲಿ ಬೇಯಿಸಿದೆ. ಮರುದಿನ ಇನ್ನೊಮ್ಮೆ. ಒಳಗಿನ ರೋಗದ ಅಣುಗಳು, ಜಂತುಗಳು ಸಾಯಲಿ ಅಂತ. ತಣ್ಣಗಾದ ಮೇಲೆ ಕುಂಡಕ್ಕೆ ತುಂಬಿ, ಮೇಲಿಂದ ಎರಡು ಇಂಚು ಕೆಳಗೆ ಹುಲ್ಲಿನ ಬೇರು, ಮಣ್ಣು ಒಂದು ಪದರ ಹಾಸಿದೆ. ಅದರ ಮೇಲೆ ತೆಳ್ಳಗೆ ಮಣ್ಣು, ಆಮೇಲೆ ಒತ್ತಾಗಿ ಜೋಳ ಬಿತ್ತಿದೆ. ಮೊಳಕೆ ಕೆಳಗೆ ಬೇರು ಬಿಟ್ಟಾಗ ಆ ಪದರವನ್ನು ಹಾದೇ ಹೋಗಬೇಕು.

ಮೂರು ತಿಂಗಳು ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಜೋಳ ಬಡಕಲಾಗಿ, ತುಸು ನೇರಳೆ ಬಣ್ಣಕ್ಕೆ ತಿರುಗಿತು. ಫೋನಲ್ಲಿ ಫೋಟೊ ನೋಡಿದ ಅವ್ವ 'ಒಂದು ಮುಟಿಗಿ ಗೊಬ್ಬರನರ ಹಾಕವಾ, ಯಾಕ್ ಹಂಗ ಉಪವಾಸ ಕೆಡವಿದ್ದೀ' ಅಂದಳು. ಆ ಉಪವಾಸವೇ ಇಲ್ಲಿ ಕೆಲಸ ಮಾಡುವುದು. ರಂಜಕಕ್ಕೆ ಹಸಿದ ಬೇರು ಶಿಲೀಂಧ್ರವನ್ನು ಕೂಗಿ ಕರೆಯುವ ರಸ ಬಿಡುತ್ತದೆ. ಫೆಬ್ರವರಿ ಕೊನೆಗೆ ನೀರು ನಿಲ್ಲಿಸಿದೆ. ಎರಡು ವಾರದಲ್ಲಿ ಗಿಡ ಒಣಗಿತು. ಆಶ್ರಯ ಕೊಟ್ಟ ಗಿಡ ಒಣಗುವಾಗ ಶಿಲೀಂಧ್ರ ಮುಂದಿನ ಕಾಲಕ್ಕೆ ಬೀಜಕಗಳನ್ನು ಮಾಡಿಡುತ್ತದೆ. ಮೇಲಿನ ಭಾಗ ಕತ್ತರಿಸಿ ತೆಗೆದು, ಬೇರನ್ನು ಕತ್ತರಿಯಿಂದ ಸಣ್ಣಗೆ ತುಂಡು ಮಾಡಿ, ಅದೇ ಮಣ್ಣಿಗೆ ಬೆರೆಸಿದೆ. ನನ್ನ ಗೊಬ್ಬರ ತಯಾರು.

ಮಾರ್ಚಿನಲ್ಲಿ ಒಂದೇ ಪಾತಿಯಿಂದ ಕಿತ್ತ 12 ಬದನೆ ಸಸಿ ತೆಗೆದುಕೊಂಡೆ. ಆರಕ್ಕೆ ಗುಂಡಿಯಲ್ಲಿ ಎರಡು ಹಿಡಿ ಇದನ್ನು ಹಾಕಿ, ಬೇರನ್ನು ಅದರ ಮೇಲೇ ಕೂರಿಸಿದೆ. ಇನ್ನು ಆರಕ್ಕೆ ಅದೇ ಮಿಶ್ರಣವನ್ನು ಬೇಯಿಸಿ ಹಾಕಿದೆ. ಹಾಗೆ ಮಾಡದಿದ್ದರೆ ಫಲ ಬಂದದ್ದು ಶಿಲೀಂಧ್ರದಿಂದಲೋ ಹೊಸ ಮಣ್ಣಿನಿಂದಲೋ ಗೊತ್ತಾಗುವುದಿಲ್ಲ. ಎಲ್ಲಕ್ಕೂ ಒಂದೇ ಬಾವಿ ನೀರು, ಬುಡಕ್ಕೆ ಒಂದೇ ಥರ ಒಣ ಎಲೆಯ ಹೊದಿಕೆ.

ಏಪ್ರಿಲ್ ಮುಗಿಯುವವರೆಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೇ ಎರಡನೇ ವಾರ ಕಂಡಿತು. ಬೇಯಿಸಿದ ಮಣ್ಣಿನ ಆರರಲ್ಲಿ ಎರಡು ಸತ್ತವು, ನಾಲ್ಕು ಎಲೆ ಉದುರಿಸಿ ಕಡ್ಡಿಯ ಹಾಗೆ ನಿಂತವು. ಇನ್ನೊಂದು ಸಾಲಿನ ಆರೂ ಉಳಿದವು. ಅವುಗಳ ಎಲೆಯ ಅಂಚೂ ಸುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸುಟ್ಟ ಪಟ್ಟಿ ಅಂಚಿನಲ್ಲೇ ನಿಂತಿತು, ಮಧ್ಯಾಹ್ನ ಗಿಡ ಬಾಡುವುದು ಕಡಿಮೆಯಾಯಿತು. ಮೇ ಕೊನೆಗೆ ಮುಷ್ಟಿಗಿಂತ ಸಣ್ಣ ಕಾಯಿ ಬಿಟ್ಟವು. ಆ ತಿಂಗಳು ನಮ್ಮ ಹಿತ್ತಲಲ್ಲಿ ಬದನೆಕಾಯಿ ಕಂಡದ್ದು ಅದೇ ಮೊದಲು. ಎಣಗಾಯಿ ಮಾಡಿದೆ.

ಆದರೂ ಕಣ್ಣಾರೆ ನೋಡದೆ ಸಮಾಧಾನ ಇರಲಿಲ್ಲ. ಪಕ್ಕದ ಮನೆಯ ಜೀವಶಾಸ್ತ್ರದ ಟೀಚರ್ ಸಹಾಯ ಮಾಡಿದರು. ಬೇರಿನ ಒಳಗನ್ನು ನೋಡಲು ದುಬಾರಿ ಬಣ್ಣ ಬೇಕಿಲ್ಲ. 1998ರಲ್ಲಿ ಪ್ರಕಟವಾದ ಒಂದು ವಿಧಾನದಲ್ಲಿ ಪೆನ್ನಿನ ಶಾಯಿ, ವಿನೆಗರ್ ಸಾಕು. ಸಣ್ಣ ಬೇರುಗಳನ್ನು ಮೊದಲು 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕುದಿಸಿ ಬಣ್ಣ ತೆಗೆಯಬೇಕು. ಅದು ಚರ್ಮ ಸುಡುವ ಕ್ಷಾರ, ಟೀಚರ್ ಅದನ್ನು ಪ್ರಯೋಗಾಲಯದಲ್ಲೇ ಕೈಗವಸು, ಕನ್ನಡಕ ಹಾಕಿಕೊಂಡು ಮಾಡಿದರು. ಚೆನ್ನಾಗಿ ತೊಳೆದ ಮೇಲೆ 95 ಮಿಲಿ ಬಿಳಿ ವಿನೆಗರಿಗೆ 5 ಮಿಲಿ ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿ, ಮತ್ತೆ ನೀರಲ್ಲಿ ನೆನೆಸಿಟ್ಟೆವು. ಸೂಕ್ಷ್ಮದರ್ಶಕದಲ್ಲಿ ಬೇರು ಗಾಜಿನ ಕೊಳವೆಯ ಹಾಗೆ ಕಂಡಿತು. ಒಳಗೆ ಉದ್ದಕ್ಕೂ ನೀಲಿ ಎಳೆ. ಅಲ್ಲಲ್ಲಿ ದುಂಡಗಿನ ಚೀಲಗಳು, ಶಿಲೀಂಧ್ರ ಕೊಬ್ಬು ಕೂಡಿಡುವ ಜಾಗ. 400 ಪಟ್ಟು ಹಿಗ್ಗಿಸಿದಾಗ ಒಂದು ಕೋಶದೊಳಗೆ ಕೊಂಬೆ ಕೊಂಬೆಯಾಗಿ ಒಡೆದ ಪುಟ್ಟ ಮರ ಇತ್ತು. ಗಿಡ, ಶಿಲೀಂಧ್ರ ಕೊಟ್ಟು ತೆಗೆದುಕೊಳ್ಳುವುದು ಅಲ್ಲೇ. ಕಣ್ಣು ತೆಗೆಯೋಕೆ ಮನಸ್ಸಾಗಲಿಲ್ಲ. ಬೇಯಿಸಿದ ಮಣ್ಣಿನ ಗಿಡದ ಬೇರಲ್ಲೂ ಅಲ್ಲೊಂದು ಇಲ್ಲೊಂದು ಎಳೆ ಇತ್ತು. ಹಿತ್ತಲ ಮಣ್ಣಲ್ಲೇ ಇದ್ದದ್ದು ಬಂದಿರಬೇಕು. ಚೀಲವಾಗಲಿ ಮರವಾಗಲಿ ಕಾಣಲಿಲ್ಲ.

ಎರಡನೇ ವರ್ಷ ಅಲಸಂದೆಗೂ ಹಾಕಿದೆ. ಕೊಂಕಣಿಯಲ್ಲೂ ಅದು ಅಳ್ಸಾಂದೆಯೇ. ಅದರ ಬೇರಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾದ ಗಂಟುಗಳಿರುತ್ತವೆ. ಉಪ್ಪಿಗೆ ಮೊದಲು ಸೋಲುವುದು ಈ ಗಂಟುಗಳೇ. 40ನೇ ದಿನ ಎರಡು ಗಿಡ ಅಗೆದು, ಗಂಟನ್ನು ಉಗುರಿನಿಂದ ಸೀಳಿದೆ. ಮೈಕೊರೈಜಾ ಹಾಕಿದ ಗಿಡದಲ್ಲಿ ಒಳಗೆ ಕೆಂಪು ಗುಲಾಬಿ ಬಣ್ಣ, ಅಂದರೆ ಕೆಲಸ ನಡೆದಿದೆ. ಹಾಕದ ಗಿಡದಲ್ಲಿ ಗಂಟು ಕಡಿಮೆ, ಹೆಚ್ಚಿನವು ಒಳಗೆ ಬಿಳಚಿದ ಹಸಿರು. ಗಂಟಿಗೆ ರಂಜಕ ಜಾಸ್ತಿ ಬೇಕು, ಅದನ್ನು ತಂದುಕೊಡುವವನು ಶಿಲೀಂಧ್ರ. ಒಂದು ಬೇರಲ್ಲಿ ಮೂರು ಜೀವದ ಸಂಸಾರ. ಮೆಣಸಿನಕಾಯಿಗೆ ಮಾತ್ರ ಅಷ್ಟು ಫಲ ಸಿಕ್ಕಿಲ್ಲ. ಮೇ ತಿಂಗಳಲ್ಲಿ ಈಗಲೂ ಹೂ ಉದುರುತ್ತದೆ.

ಈ ಸಲ ಜೋಳದ ಕುಂಡದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಚಳಿಗಾಲದಲ್ಲಿ ಬಾವಿ ನೀರು ಸಿಹಿಯಾಗಿರುತ್ತದಲ್ಲ, ಮೂರು ತಿಂಗಳು ಸಿಹಿನೀರು ಕುಡಿದ ಶಿಲೀಂಧ್ರ ಉಪ್ಪಿನ ರೂಢಿ ಬಿಟ್ಟೀತು ಅನ್ನುವ ಯೋಚನೆ. ಅದಕ್ಕೆ ಜೋಳ ಮೊಣಕಾಲೆತ್ತರ ಆದ ಮೇಲೆ, ವಾರಕ್ಕೊಮ್ಮೆ ಹತ್ತು ಲೀಟರಿಗೆ ಹತ್ತು ಗ್ರಾಂ ಹರಳುಪ್ಪು ಕರಗಿಸಿ ಹಾಕುತ್ತಿದ್ದೇನೆ. ಜೋಳ ತಡೆದುಕೊಂಡಿದೆ. ಮಾರ್ಚಿಗೆ ಮತ್ತೆ 12 ಸಸಿ.