ಪುಟ ರೀಲೋಡ್ ಆಗದೆ ಬುಕಿಂಗ್ ಫಾರ್ಮ್ ಕಳುಹಿಸುವುದು ಹೇಗೆ?

ಮಡಿಕೇರಿ, ಕಕ್ಕಬ್ಬೆ ಕಡೆಯ ಹೋಂಸ್ಟೇಗಳ ವರ್ಡ್‌ಪ್ರೆಸ್ ಸೈಟು ನೋಡಿಕೊಡುವಾಗ ಒಂದೇ ದೂರು ಪದೇ ಪದೇ ಕೇಳಿದ್ದೇನೆ: 'ನಾವು ತುಂಬಿದ ಫಾರ್ಮ್ ಬರುತ್ತದೆ, ಬೆಂಗಳೂರಿನವರು ತುಂಬಿದ್ದು ಬರುವುದೇ ಇಲ್ಲ.' ಮಳೆಗಾಲವಾದರೆ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸಿ ಸುಮ್ಮನಾಗುತ್ತಾರೆ. ತಪ್ಪು ಸಾಮಾನ್ಯವಾಗಿ ಕೆಳಗಿನ ಮೂರನೇ ಹಂತದಲ್ಲಿರುತ್ತದೆ.

ಹಂತ 1: ಸಬ್‌ಮಿಟ್ ಒತ್ತಿದಾಗ ಪುಟ ಬದಲಾಗುವುದನ್ನು ಜಾವಾಸ್ಕ್ರಿಪ್ಟಿನ 'ಪ್ರಿವೆಂಟ್ ಡೀಫಾಲ್ಟ್'ನಿಂದ ತಡೆಯಿರಿ.

ಹಂತ 2: ತುಂಬಿದ್ದನ್ನೆಲ್ಲ ಬ್ರೌಸರಿನಲ್ಲೇ ಇರುವ 'ಫೆಚ್' ಮೂಲಕ, ಇಂಥ ಕೋರಿಕೆಗಳನ್ನು ಸ್ವೀಕರಿಸುವ ವರ್ಡ್‌ಪ್ರೆಸ್‌ನ ಅಡ್ಮಿನ್-ಅಜಾಕ್ಸ್ ಫೈಲಿಗೆ ಪೋಸ್ಟ್ ಮಾಡಿ. ಜತೆಗೆ ಯಾವ ಕೆಲಸವೆಂದು ವರ್ಡ್‌ಪ್ರೆಸ್‌ಗೆ ತಿಳಿಸುವ 'ಆ್ಯಕ್ಷನ್' ಹೆಸರು ಇರಲೇಬೇಕು. ಇಷ್ಟಕ್ಕೆ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬೇಡ. ಒಂದು ಫಾರ್ಮಿಗಾಗಿ ಎಲ್ಲ ಪುಟಗಳಿಗೂ ಸ್ಕ್ರಿಪ್ಟ್ ತುರುಕುವ ಪ್ಲಗಿನ್ನಂತೂ ಬೇಡವೇ ಬೇಡ; ಗುಡ್ಡದ ಸಿಗ್ನಲ್ಲಿನಲ್ಲಿ ಪುಟ ತೆರೆಯುವುದೇ ತಡವಾಗುತ್ತದೆ.

ಹಂತ 3: ಇಲ್ಲಿ ನಿಧಾನಿಸಿ. 'ಡಬ್ಲ್ಯುಪಿ ಅಜಾಕ್ಸ್' ಜತೆ ನೇರವಾಗಿ ಆ್ಯಕ್ಷನ್ ಹೆಸರು ಸೇರಿದ ಹುಕ್ (ಬಂದ ಕೋರಿಕೆಗೆ ನಿಮ್ಮ ಫಂಕ್ಷನ್ ಜೋಡಿಸುವ ಕೊಂಡಿ) ಲಾಗಿನ್ ಆದವರಿಗೆ ಮಾತ್ರ. ಲಾಗಿನ್ ಆಗದ ಅತಿಥಿಗಳಿಗೆ ನಡುವೆ 'ನೋಪ್ರಿವ್' ಸೇರಿದ ಇನ್ನೊಂದು ಹುಕ್ ಇದೆ. ಎರಡಕ್ಕೂ ಅದೇ ಫಂಕ್ಷನ್ ಜೋಡಿಸಿ. ಎರಡನೆಯದನ್ನು ಮರೆತರೆ ಅತಿಥಿಗೆ ಸಿಗುವ ಉತ್ತರ ಬರೀ '0', ಸ್ಥಿತಿ ಸಂಖ್ಯೆ 400. ಮಾಲೀಕರು ಸದಾ ಲಾಗಿನ್ ಆಗಿಯೇ ಇರುವುದರಿಂದ ಅವರಿಗೆ ಇದು ಕಾಣಿಸುವುದೇ ಇಲ್ಲ.

'ನಾನ್ಸ್' ಎಂಬ ಭದ್ರತಾ ಗುರುತಿನದೂ ಇದೇ ಕಥೆ. ಅದರ ಆಯುಸ್ಸು ಹೆಚ್ಚೆಂದರೆ 24 ಗಂಟೆ. ಪುಟದ ಪ್ರತಿ ಉಳಿಸಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಮೂರು ದಿನದ ಹಳೆಯ ಪುಟವನ್ನೇ ಅತಿಥಿಗೆ ಕೊಟ್ಟರೆ ಗುರುತು ಸತ್ತಿರುತ್ತದೆ. ಉತ್ತರ '-1', ಸ್ಥಿತಿ 403. ತಪಾಸಣೆಯ ಸಾಲನ್ನೇ ಅಳಿಸಿಬಿಡುವ ಅಡ್ಡದಾರಿ ಹಿಡಿಯಬೇಡಿ. ಬುಕಿಂಗ್ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ಆಮೇಲೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಅತಿಥಿಯಾಗಿ, ಫಾರ್ಮ್ ತುಂಬಿ ನೋಡಿ.

ಹಂತ 4: ಬಂದ ಮಾಹಿತಿಯನ್ನು ಶುದ್ಧಗೊಳಿಸಿ, ಮೊದಲು ಡೇಟಾಬೇಸಿಗೆ ಸೇರಿಸಿ, ನಂತರ ಇಮೇಲ್ ಕಳುಹಿಸಿ. ಇಮೇಲ್ ಒಂದನ್ನೇ ನಂಬಿದವರು ಬುಕಿಂಗ್ ಕಳೆದುಕೊಂಡಿದ್ದನ್ನು ಕಂಡಿದ್ದೇನೆ.

ಹಂತ 5: 400, 403 ಬಂದರೂ ಫೆಚ್ ಅದನ್ನು ತಪ್ಪೆಂದು ಎಣಿಸುವುದಿಲ್ಲ, ಸ್ಥಿತಿಯನ್ನು ನೀವೇ ಪರೀಕ್ಷಿಸಿ, ಆಮೇಲಷ್ಟೇ 'ಧನ್ಯವಾದ' ತೋರಿಸಿ. ಉತ್ತರ ಬರುವವರೆಗೆ ಬಟನ್ ನಿಷ್ಕ್ರಿಯವಾಗಿರಲಿ. ಸೋತರೆ ಬಟನ್ ಮರಳಲಿ, ತುಂಬಿದ್ದು ಹಾಗೇ ಉಳಿಯಲಿ. ಬುಕಿಂಗ್ ದಾಖಲಾದ ಮೇಲೆ ಸಿಗ್ನಲ್ ಹೋಗಿ ಉತ್ತರ ಮಾತ್ರ ತಲುಪದಿರುವುದೂ ಉಂಟು. ಅತಿಥಿ ಮತ್ತೆ ಒತ್ತುತ್ತಾರೆ. ಅದಕ್ಕೇ ಪ್ರತಿ ಸಲ ತುಂಬುವ ಫಾರ್ಮಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಬುಕಿಂಗನ್ನೇ ಖಚಿತಪಡಿಸಿ.